ಚೀಲದ ಹಿಂದಿನ ಬಾಗಿಲು

ಗುಬ್ಬಿ ಮಾಡಿದ ತಪ್ಪು ಇಷ್ಟೇ. ಚೀಲದ ಫೋಟೋ ತೆಗೆಯುವಾಗ ಅದನ್ನು ಒಂದು ಮೊಳೆಗೆ ತೂಗುಹಾಕಿದಳು. ಮೊಳೆ ಮನೆಯ ಮುಂಬಾಗಿಲಿನಲ್ಲಿತ್ತು.

ಕಂಪ್ಯೂಟರ್ ತರಗತಿಯ ಮೇಷ್ಟ್ರು ಕೊನೆಯ ಪರೀಕ್ಷೆಗೆಂದು ಮೂರು ಮೂರು ಜನರ ಗುಂಪು ಮಾಡಿ, ಪ್ರತಿ ಗುಂಪೂ ಒಂದು ಆನ್‌ಲೈನ್ ಅಂಗಡಿ ಕಟ್ಟಬೇಕು ಎಂದಿದ್ದರು. ಗುರುತು ಪರಿಚಯವಿಲ್ಲದ ಒಬ್ಬ ಗಿರಾಕಿಯಾದರೂ ಕೊಳ್ಳಬೇಕು, ಮಾಲು ಅವನ ಕೈ ಸೇರಿರಬೇಕು. ಶನಿವಾರ ಮೂರು ಗಂಟೆಗೆ ಮೂವರೂ ಬಂದು ನಿಂತು ವರದಿ ಒಪ್ಪಿಸಬೇಕು. ಬಾರದವರಿಗೆ ಸೊನ್ನೆ.

ಗುಬ್ಬಿ ಹೋದ ವರ್ಷವೇ ಒಮ್ಮೆ ಫೇಲಾಗಿದ್ದಳು. "ಈ ಸಲಾನೂ ಡುಮ್ಕಿ ಹೊಡೆದ್ರೆ ಕಂಪ್ಯೂಟರೂ ಬೇಡ ಗಿಂಪ್ಯೂಟರೂ ಬೇಡ. ನನ್ ಪಕ್ಕ ಕೂತ್ಕೊಂಡು ಕಾಜಾ ಹೊಲಿ," ಎಂದು ಟೈಲರ್ ಅಂಗಡಿಗೆ ಹೋಗುವ ಅಮ್ಮ ಹೇಳಿಯಾಗಿತ್ತು. ಗುಂಡಿ ತೂರುವ ತೂತಿನ ಸುತ್ತ ದಿನವಿಡೀ ದಾರ ಸುತ್ತುವುದೆಂದರೆ ಗುಬ್ಬಿಗೆ ಇರುವೆಗಳನ್ನು ಸಾಲಾಗಿ ನಿಲ್ಲಿಸಿ ಹಲ್ಲುಜ್ಜಿದ ಹಾಗೆ.

ಗುಂಪಿನ ಉಳಿದಿಬ್ಬರಲ್ಲಿ ಒಬ್ಬ ಮೈಕು. ಪಕ್ಕದಲ್ಲಿ ನಿಂತವರೊಂದಿಗೂ ಸಭೆಯನ್ನು ಉದ್ದೇಶಿಸಿ ಮಾತಾಡುವಂತೆ ಮಾತಾಡುತ್ತಿದ್ದ. ಹಾಗಾಗಿ ಮಾರ್ಕೆಟಿಂಗ್ ಅವನದು. ಇನ್ನೊಬ್ಬ ಕನ್ನಡಕ. ವೆಬ್‌ಸೈಟ್ ಅವನದು. ಗುಬ್ಬಿಯದು ಮಾಲು, ಅಂದರೆ ಅಮ್ಮ ಚೂರು ಬಟ್ಟೆಯಲ್ಲಿ ಹೊಲಿದ ಚೀಲಗಳು. "ಇಲ್ಲ" ಎಂಬ ಮಾತು ಗುಬ್ಬಿಯ ಬಾಯಿಗೆ ಹುಟ್ಟಿದಂದಿನಿಂದ ಬಂದಿರಲಿಲ್ಲವಾದ್ದರಿಂದ ಗುಂಪಿನಲ್ಲಿ ಜಗಳವೂ ಇರಲಿಲ್ಲ.

ಎರಡು ವಾರದಲ್ಲಿ ಒಂದು ಚೀಲವೂ ಹೋಗಲಿಲ್ಲ. ಶನಿವಾರ ಬೆಳಗ್ಗೆ ಅಮ್ಮ ಕೆಲಸಕ್ಕೆ ಹೊರಟ ಮೇಲೆ ಅಂಗಡಿಗೆ ಮೊದಲ ಸಂದೇಶ ಬಂತು: "ಚೀಲ ಬೇಡ. ಹಿಂದಿರುವ ಬಾಗಿಲು ಎಷ್ಟು?"

ಅರ್ಧ ಗಂಟೆಯಲ್ಲಿ ಮೈಕು, ಕನ್ನಡಕ ಇಬ್ಬರೂ ಹಾಜರು. ಮೈಕಿನ ಕೈಯಲ್ಲಿ ಸ್ಕ್ರೂಡ್ರೈವರ್. ಬೀದಿಯಲ್ಲಿ ತಳ್ಳುಗಾಡಿ.

"ಬಾಗಿಲನ್ನ ಅಂಗಡೀಲಿ ಹಾಕಿಬಿಟ್ಟೆ ಕಣೇ," ಎಂದ ಕನ್ನಡಕ. "ಬಣ್ಣ ಸ್ವಲ್ಪ ತಿದ್ದಿದೀನಿ. ಜೇನುತುಪ್ಪದ ಥರ ಹೊಳೀತಾ ಇದೆ."

"'ತಲೆಮಾರುಗಳ ಮರ, ಒಂದೇ ಉಳಿದಿದೆ' ಅಂತ ಬರೆದೆ," ಎಂದ ಮೈಕು. " ಐದೇ ನಿಮಿಷಕ್ಕೆ ಆರ್ಡರ್! ಅಳತೆ ಕೇಳ್ದ, ಕೊಟ್ಟೆ. ಮೂಲೆ ಬಡಗಿ ಅಂಗಡಿಗೆ ತಲುಪಿಸ್ಬೇಕಂತೆ."

"ಆದ್ರೆ ಅದು ಬಾಗಿಲು ಕಣ್ರೋ," ಎಂದಳು ಗುಬ್ಬಿ.

"ಗೊತ್ತು. ಕಿಟಕಿ ಅಂತ ಮಾರಿದ್ರೆ ಮೋಸ ಆಗ್ತಿತ್ತು," ಎಂದ ಮೈಕು.

"ಆದ್ರೆ..."

"ಆದ್ರೆ ಗೀದ್ರೆ ಬಿಡು. ನಿಂಗೆ ಪಾಸಾಗ್ಬೇಕೋ ಕಾಜಾ ಹೊಲೀಬೇಕೋ? ಅಮ್ಮ ಬರೋದು ಆರಕ್ಕೆ ತಾನೆ? ಅಷ್ಟರಲ್ಲಿ ಬೇರೆ ಬಾಗಿಲು ತರ್ತೀವಿ."

ನಿಜ ಹೇಳಬೇಕೆಂದರೆ ಆ ಬಾಗಿಲ ಮೇಲೆ ಯಾರಿಗೂ ಪ್ರೀತಿಯಿರಲಿಲ್ಲ. ಮೊಣಕಾಲಿನಿಂದ ಗುದ್ದಿದರೆ ಮಾತ್ರ ತೆರೆಯುತ್ತಿತ್ತು, ಗುದ್ದಿದರೆ ಮಾತ್ರ ಮುಚ್ಚುತ್ತಿತ್ತು. ಬದಲಾಯಿಸಿ ಎಂದು ಅಮ್ಮ ಮೂರು ವರ್ಷದಿಂದ ಮನೆ ಓನರಿಗೆ ಫೋನ್ ಮಾಡಿ ಸೋತಿದ್ದಳು. ಅವರು ಈ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

"ಹೂಂ," ಎಂದಳು ಗುಬ್ಬಿ.

ಬಾಗಿಲು ಹೊರಟುಹೋದ ಮೇಲೆಯೇ ಅವಳಿಗೆ ಹೊಳೆದದ್ದು: ಬಾಗಿಲಿಲ್ಲದ ಮನೆಯನ್ನು ಬಿಟ್ಟು ಹೋಗುವುದು ಹೇಗೆ? ಚೌಕಟ್ಟಿನ ನಡುವೆ ಹೋಗಿ ನಿಂತಳು.

ಮೊದಲು ಬಂದವಳು ಪಕ್ಕದ ಮನೆ ಅತ್ತೆ. ದಿನಕ್ಕೆ ನಾಲ್ಕು ಸಲ ಬಾಗಿಲು ಬಡಿದು ಒಳಗೆ ಬರುವುದು ಅವಳ ಪದ್ಧತಿ. ಇವತ್ತು ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಗುಬ್ಬಿಯ ಭುಜವನ್ನೇ ಟಕಟಕ ಬಡಿದಳು.

"ಯಾರಿದೀರಾ ಒಳಗೆ?"

"ನಾನೇ ಅತ್ತೆ."

"ನೀನು ಹೊರಗಿದೀಯಲ್ಲೇ. ಬಾಗಿಲೆಲ್ಲಿ?"

"ಮಾರಿದ್ವಿ."

ಅತ್ತೆ ಕೆನ್ನೆಗೆ ಕೈಯಿಟ್ಟಳು. "ಬಾಗಿಲಿಗೆಲ್ಲ ಗಿರಾಕಿ ಇದಾರಾ? ಹಾಗಾದ್ರೆ ನಮ್ಮದೇನು ಪಾಪ ಮಾಡಿದೆ? ನಿಮ್ಮದು ಕಿರುಗುಟ್ತಿತ್ತು. ನಮ್ಮದು ಉಸಿರೂ ಬಿಡಲ್ಲ!"

ಅಷ್ಟು ಹೇಳಿ ಓಡಿದಳು. ಸುದ್ದಿ ಅವಳಿಗಿಂತ ಮುಂದೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ತನ್ನ ತನ್ನ ಬಾಗಿಲನ್ನು ಒರೆಸುತ್ತಿತ್ತು. ಒಬ್ಬರು ಕೀಲಿಗೆ ಎಣ್ಣೆ ಬಿಟ್ಟರು. ಒಬ್ಬರು ಬಾಗಿಲಿಗೆ ಚೀಲ ತೂಗುಹಾಕಿ ಫೋಟೋ ತೆಗೆದರು. ಗುಟ್ಟು ಚೀಲದಲ್ಲೇ ಇದೆಯೆಂದು ಅವರ ನಂಬಿಕೆ.

ಅಂಚೆಯವನು ಬಂದು ಚೌಕಟ್ಟಿನ ಮುಂದೆ ಬಗ್ಗಿದ. "ಕಾಗದ ಬಾಗಿಲ ಸಂದೀಲಿ ತೂರಿಸ್ಬೇಕು ಕಣಮ್ಮ."

"ಕೈಗೇ ಕೊಡಿ."

"ಹದಿನೆಂಟು ವರ್ಷದಿಂದ ಸಂದೀಲೇ ಹಾಕ್ತಿದೀನಿ. ಸ್ವಲ್ಪ ಕಾಲು ಜೋಡಿಸಿ ನಿಂತ್ಕೋ."

ಗುಬ್ಬಿ ಕಾಲು ಜೋಡಿಸಿದಳು. ಅವನು ಅವಳ ಪಾದದ ಪಕ್ಕದಿಂದ ಕಾಗದ ಒಳಗೆ ತಳ್ಳಿ, ಸಮಾಧಾನದಿಂದ ಸೈಕಲ್ ಹತ್ತಿದ.

ಎರಡು ಗಂಟೆಯಾಯಿತು. ಗುಬ್ಬಿ "ಅತ್ತೇ!" ಎಂದು ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಕೂಗಿದಳು. "ಒಂದೇ ಗಂಟೆ ಇಲ್ಲಿ ನಿಂತ್ಕೊಳ್ತೀರಾ? ನನ್ ಪರೀಕ್ಷೆ ಇದೆ."

"ನಿಲ್ತಿದ್ದೆ ಮಗಾ, ನಿಂಗೋಸ್ಕರ ಬಾವಿಗೆ ಬೇಕಾದ್ರೂ ಹಾರ್ತಿದ್ದೆ," ಅತ್ತೆ ತನ್ನ ಬಾಗಿಲಿಗೆ ಒರಗಿ ನಿಂತೇ ಹೇಳಿದಳು. "ಆದ್ರೆ ನನ್ ಗಿರಾಕಿ ಬಂದ್ರೆ ಬಾಗಿಲು ತೋರ್ಸೋರು ಯಾರು?"

ನಿಂತಲ್ಲಿಂದಲೇ ಬೀದಿಯ ಉದ್ದಕ್ಕೂ ಕೂಗಿ ಕೇಳಿದಳು. ಪ್ರತಿ ಮನೆಯ ಮುಂದೆಯೂ ಒಬ್ಬರು ನಿಂತೇ ಇದ್ದರು. ಅವಳ ಮನೆಗೆ ಬಂದು ನಿಲ್ಲುವವರು ಒಬ್ಬರೂ ಇರಲಿಲ್ಲ. ಮೈಕಿಗೆ ಫೋನ್ ಮಾಡಿದರೆ, "ಬೇರೆ ಬಾಗಿಲು ಸಿಗ್ತಿಲ್ಲ ಕಣೇ. ಬೀದಿಯವರೆಲ್ಲ ರೇಟು ಏರಿಸಿಬಿಟ್ಟಿದಾರೆ," ಎಂದ.

ಮೂರೂವರೆಗೆ ಅವನೇ ಫೋನ್ ಮಾಡಿದ. "ಗುಬ್ಬೀ! ಪಾಸು! ಇಡೀ ತರಗತಿಗೆ ನಾವೇ ಫಸ್ಟು!"

"ನಂದೂ?"

ಮೈಕಿನ ಧ್ವನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಮೇಷ್ಟ್ರು ಮೂರನೆಯವಳೆಲ್ಲಿ ಅಂದ್ರು. ಬಾಗಿಲಲ್ಲಿ ನಿಂತಿದಾಳೆ ಸಾರ್ ಅಂದ್ವಿ. ಅವ್ರು ಎದ್ದುಹೋಗಿ ತರಗತಿ ಬಾಗಿಲು ನೋಡ್ಕೊಂಡು ಬಂದ್ರು. ಯಾರೂ ಇರ್ಲಿಲ್ಲ. ಸೊನ್ನೆ ಹಾಕಿದ್ರು."

ಗುಬ್ಬಿ ಹೊಸ್ತಿಲ ಮೇಲೆ ಕೂತಳು. ಸೊನ್ನೆ ಸಾಲದೆಂಬಂತೆ ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಮನೆ ಓನರ್ ಕಾಣಿಸಿಕೊಂಡರು. ಮೂರು ವರ್ಷ ಬಾರದವರು ಇವತ್ತೇ ಬರಬೇಕೆ! ಅವಳು ಎದ್ದು ಕೈಕಾಲು ಅಗಲಿಸಿ ಆದಷ್ಟು ಚೌಕಾಕಾರವಾಗಿ ನಿಂತಳು.

"ಭೇಷ್!" ಎಂದರು ಓನರ್. "ಹಳೇ ಬಾಗಿಲನ್ನ ನೀವೇ ಕಿತ್ತು ಬಿಸಾಕಿದೀರಾ? ಬಡಗಿ ಕೂಲಿ ಉಳೀತು. ನಿಮ್ಮಮ್ಮನ ಕಾಟ ತಡೀಲಾರದೆ ಇವತ್ತು ಫೋನಲ್ಲೇ ಒಂದು ಬಾಗಿಲು ತಗೊಂಡುಬಿಟ್ಟೆ. ಏನು ಮರ ಅಂತೀಯ! ಒಂದೇ ಉಳಿದಿತ್ತಂತೆ."

ಹಿಂದಿನಿಂದ ಬಡಗಿ ತಲೆಯ ಮೇಲೆ ಹೊತ್ತು ತಂದ ಬಾಗಿಲಿನಲ್ಲಿ ಮೊಳೆ ಇನ್ನೂ ಹಾಗೇ ಇತ್ತು.

ಗುಬ್ಬಿ ಪಕ್ಕಕ್ಕೆ ಸರಿದಳು. ಬಡಗಿ ಬಾಗಿಲು ಕೂರಿಸಿ ಸ್ಕ್ರೂ ಬಿಗಿದ.

"ಆಹಾ, ಚೌಕಟ್ಟಿಗೆ ಅಚ್ಚು ಹೊಯ್ದ ಹಾಗೆ ಕೂತಿತು! ಕೂದಲೆಳೆ ವ್ಯತ್ಯಾಸ ಇಲ್ಲ," ಎಂದು ಓನರ್ ಬಾಗಿಲ ಒಳಬದಿಯನ್ನು ತಡವಿದರು. ಅಲ್ಲಿ, ಗುಬ್ಬಿ ಚಿಕ್ಕವಳಿದ್ದಾಗಿನಿಂದ ಅಮ್ಮ ಪ್ರತಿ ವರ್ಷ ಅವಳನ್ನು ನಿಲ್ಲಿಸಿ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆಗಳಿದ್ದವು. "ನೋಡು, ಅಳತೆ ಗುರುತು ಕೂಡ ಹಾಕ್ಕೊಟ್ಟಿದಾರೆ. ಇವತ್ತಿನ ಕಾಲದಲ್ಲಿ ಇಂಥ ಶ್ರದ್ಧೆ ಎಲ್ಲಿದೆ ಹೇಳು?"

ಅಲ್ಲಿಯೇ ನಿಂತು ಅಂಗಡಿಗೆ ಐದು ನಕ್ಷತ್ರ ಕೊಟ್ಟು, ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರು.

ಆರು ಗಂಟೆಗೆ ಅಮ್ಮ ಬಂದಳು. ಅಭ್ಯಾಸದಂತೆ ಮೊಣಕಾಲಿನಿಂದ ಗುದ್ದಿದಳು. ಬಾಗಿಲು ಅಭ್ಯಾಸದಂತೆ ಕಿರುಗುಟ್ಟಿ ತೆರೆಯಿತು. ಆಗ ಚೀಟಿ ಕಣ್ಣಿಗೆ ಬಿತ್ತು. ಗಟ್ಟಿಯಾಗಿ ಓದಿದಳು: "ಹೊಸ ಬಾಗಿಲು ಹಾಕಿಸಿರುವುದರಿಂದ ಮುಂದಿನ ತಿಂಗಳಿಂದ ಬಾಡಿಗೆ ಹೆಚ್ಚಿಸಲಾಗಿದೆ."

ಅಮ್ಮ ಚೀಟಿ ನೋಡಿದಳು, ಬಾಗಿಲು ನೋಡಿದಳು, ಪೆನ್ಸಿಲ್ ಗೆರೆ ನೋಡಿದಳು, ಕೊನೆಗೆ ಮಗಳನ್ನು ನೋಡಿದಳು.

"ಹೊಸ ಬಾಗಿಲು ಎಲ್ಲೇ?"

ಗುಬ್ಬಿ ಹೋಗಿ ಹೊಲಿಗೆ ಡಬ್ಬಿ ತೆರೆದು, ಸೂಜಿಗೆ ದಾರ ಪೋಣಿಸಿದಳು.

"ಕಾಜಾ ಯಾವ ಅಂಗಿಯಿಂದ ಶುರು ಮಾಡ್ಲಮ್ಮ?"