ಓಣಿ ತಿರುಗಿದ ಐದು ಕೊಡ

ನನಗೆ ಒಂದು ಕಡೆ ಕೂಡ್ರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದಿನ ಫಜೀತಿಯೆಲ್ಲ ಅಲ್ಲಿಂದಲೇ ಶುರುವಾದದ್ದು. ಊಟಕ್ಕೆ ಕೂತರೆ ಎರಡನೇ ತುತ್ತಿಗೆ ಎದ್ದು ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ನೋಡಿ ಬರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವ ಊರಿಗೆ ಎರಡು ಸ್ಟಾಪು ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ನಮ್ಮವ್ವ ಇದ್ದಾಗ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ಇಕಿ ಹುಟ್ಟಿದಾಗ ತೊಟ್ಲಾಗ ಜಾಲಿಮುಳ್ಳ ಇತ್ತು ಕಾಣಸ್ತೈತಿ." ಇಂಥ ನಾನು ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಹೆಸರು ಹಚ್ಚಿದೆ. ಪಿಎಚ್‌ಡಿ ಬುದ್ಧಿವಂತರ ಕೆಲಸ ಎಂದು ಜನ ತಿಳಿದಿದ್ದಾರೆ. ಸುಳ್ಳು. ಅದು ಕೂಡ್ರುವವರ ಕೆಲಸ. ಬುದ್ಧಿ ಅಷ್ಟಕ್ಕಷ್ಟೇ ಇದ್ದು ಕೂಡ್ರುವ ಶಕ್ತಿ ಚೆನ್ನಾಗಿದ್ದವರು ನನ್ನ ಕಣ್ಣ ಮುಂದೆಯೇ ಡಾಕ್ಟರಾಗಿ ಹೋದರು.

ನಾನು ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ನನ್ನ ವಿಷಯ "ಗ್ರಾಮೀಣ ಕುಟುಂಬಗಳಲ್ಲಿ ನೀರಿನ ಅಭಾವ ಮತ್ತು ಮಹಿಳೆಯರ ಶ್ರಮ: ಒಂದು ಅಧ್ಯಯನ". ಕೊನೆಗೆ "ಒಂದು ಅಧ್ಯಯನ" ಎಂದು ಯಾಕೆ ಹಾಕುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಹಾಕದಿದ್ದರೆ ಎರಡು ಎಂದು ಯಾರಾದರೂ ತಿಳಿದಾರೇನು? ನಮ್ಮ ಯಜಮಾನರು ಊರಲ್ಲಿ ಕಾಳಿನ ಅಡತಿ ಅಂಗಡಿ ನಡೆಸುತ್ತಾರೆ. ಗೋವಿನಜೋಳವನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ತೇವ ಎಷ್ಟಿದೆ ಎಂದು ಹೇಳುವ ಮನುಷ್ಯ. ಅವರಿಗೆ ನನ್ನ ಸಂಶೋಧನೆ ಬಹಳ ತಮಾಷೆಯಾಗಿ ಕಾಣುತ್ತದೆ. "ನೀರಿಲ್ಲ ಅನ್ನೂದನ್ನ ತಿಳಕೊಳ್ಳಾಕ ಇಷ್ಟ ವರ್ಷ ಬೇಕೇನ? ನಳ ತಿರುವಿದ್ರ ತಿಳೀತೈತಿ" ಎನ್ನುತ್ತಾರೆ. ಊಟಕ್ಕೆ ಕೂತಾಗಲೆಲ್ಲ "ಡಾಕ್ಟರ, ಸ್ವಲ್ಪ ಸಾರ ಹಾಕ್ತೀರೇನ?" ಎಂದು ಕೇಳುತ್ತಾರೆ. ನಾನು ಬೇಕೆಂದೇ ತಳದ ಗಸಿ ಹಾಕುತ್ತೇನೆ.

ತಮಾಷೆ ಮನೆಯೊಳಗೇ ಇದ್ದಿದ್ದರೆ ನಡೆಯುತ್ತಿತ್ತು. ಆದರೆ ನನ್ನ ಮೈದುನ ಉತ್ಸಾಹದ ಮನುಷ್ಯ. ತನ್ನ ಮಗಳ ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ "ಡಾ." ಎಂದು ಹಾಕಿಸಿಬಿಟ್ಟ. "ಆಗೂದ ಐತೆಲ್ಲ ವೈನಿ, ಮತ್ಯಾಕ ಬಿಡೂದು" ಎಂದ. ಆ ಪತ್ರಿಕೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಮ್ಮ ಬೀಗರ ಮನೆಗಳಿಗೆಲ್ಲ ಹೋಯಿತು. ಮದುವೆಯಲ್ಲಿ ಒಬ್ಬ ಮುದುಕಪ್ಪ ನನ್ನ ಮುಂದೆ ಮೊಣಕಾಲು ಚಾಚಿ, ಏರುವಾಗ ನೋವು ಬರುವುದಿಲ್ಲ, ಇಳಿಯುವಾಗ ಬರುತ್ತದೆ ಎಂದು ತೋರಿಸಿದ. ಇತ್ತ ವಿಶ್ವವಿದ್ಯಾಲಯದವರು ಎರಡು ಸಲ ಹೆಚ್ಚಿನ ಅವಧಿ ಕೊಟ್ಟು, ಮೂರನೆಯದು ಕೊನೆಯದೆಂದು ಪತ್ರ ಕಳಿಸಿದ್ದರು. ತಿಂಗಳ ಕೊನೆಯೊಳಗೆ ಮಾರ್ಗದರ್ಶಕರ ಸಹಿ ಹಾಕಿಸಿ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಅಂದರೆ ಲಗ್ನಪತ್ರಿಕೆಯ ಆ ಒಂದಕ್ಷರ ಜನ್ಮಪೂರ್ತಿ ಸುಳ್ಳಾಗಿ ಉಳಿಯಬೇಕು. ಅಂದಿನಿಂದ ನನಗೆ ನಿಂತಲ್ಲಿಯೂ ನಿಲ್ಲಲಾಗುತ್ತಿರಲಿಲ್ಲ.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಒಂದೊಂದು ಓಣಿ ಆರಿಸಿಕೊಂಡು ಮನೆಮನೆಗೆ ಹೋಗಿ ನಮೂನೆ ತುಂಬುವುದು ನನ್ನ ಕೆಲಸ. ಮೂರು ಹೇಗೋ ಮುಗಿದಿದ್ದವು. ಹಿರೇಕೆರೂರು ಕಡೆ ಮಾಸೂರಿಗೆ ಹೋದ ದಿನ ಹೆಂಗಸರೆಲ್ಲ ಗದ್ದೆ ಕೆಲಸಕ್ಕೆ ಹೋಗಿ ಕಟ್ಟೆಯ ಮೇಲೆ ಗಂಡಸರಷ್ಟೇ ಇದ್ದರು. ದಿನಕ್ಕೆ ಮನೆಗೆ ಎಷ್ಟು ಕೊಡ ನೀರು ಬರುತ್ತದೆ ಎಂದು ಒಬ್ಬನನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, "ನಾ ಎದ್ದಾಗ ತುಂಬಿರ್ತಾವ್ರಿ" ಎಂದ. ಅದನ್ನೇ ಬರೆದುಕೊಂಡೆ. ಇಡೀ ಪ್ರಬಂಧದಲ್ಲಿ ಅಷ್ಟು ಪ್ರಾಮಾಣಿಕವಾದ ಉತ್ತರ ಇನ್ನೊಂದಿಲ್ಲ.

ಉಳಿದದ್ದು ಸವಣೂರಿನಾಚೆಯ ಒಂದು ಊರು. ಹೆಸರು ಹೇಳುವುದಿಲ್ಲ, ಆ ಓಣಿಯ ಹೆಂಗಸರಿಗೆ ಮಾತು ಕೊಟ್ಟಿದ್ದೇನೆ. ಹನ್ನೊಂದು ಮನೆಗಳ ಓಣಿ, ನೀರಿನ ತ್ರಾಸಿಗೆ ಹೆಸರಾದದ್ದು ಎಂದು ಕೇಳಿಯೇ ಆರಿಸಿಕೊಂಡಿದ್ದೆ. ಏಪ್ರಿಲ್ ಬಿಸಿಲು. ಒಂದೇ ದಿನದಲ್ಲಿ ಮುಗಿಸಿ ಸಂಜೆ ಬಸ್ಸು ಹಿಡಿಯುವ ಅವಸರ ನನಗೆ. ಬರುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದೆ. ಮೊದಲನೆಯದು ಗಂಗವ್ವನ ಮನೆ. ಗಂಗವ್ವ ನನ್ನ ವಾರಿಗೆಯವಳು, ಓಣಿಯ ಮಾತುಗಾರ್ತಿ. ಅಡುಗೆಮನೆಯಲ್ಲಿ ಐದು ಸ್ಟೀಲಿನ ಕೊಡಗಳು ಕಂಠಮಟ್ಟ ತುಂಬಿ ಸಾಲಾಗಿ ಕೂತಿದ್ದವು. ನೀರಿನ ತೊಂದರೆ ಇದೆಯೇ ಎಂದು ಕೇಳಿದೆ. "ಏನ ತೊಂದ್ರಿ ಇಲ್ರಿ ಅಕ್ಕಾರ, ನೋಡ್ರಿ, ತುಂಬ್ಯಾವ." ಫೋಟೋ ಹೊಡೆದೆ, ಐದು ಎಂದು ಬರೆದೆ. ಚಹಾ ಕುಡಿಯದೆ ಬಿಡಲಿಲ್ಲ. ಎದುರು ಮನೆ ಮಾಬೂಬಿಯದು. ಅಲ್ಲಿ ಮೊದಲು ಪಡಸಾಲೆಯಲ್ಲಿ ಕೂಡ್ರಿಸಿ ಚಹಾ, ಮೇಲೆ ಖಾರಾ, ಎರಡನೇ ಮಗಳ ಹೊಲಿಗೆ ಕೆಲಸದ ಸುದ್ದಿ. ಆಮೇಲೆ ಒಳಗೆ ಕರೆದರು. ಅಲ್ಲಿಯೂ ಐದು ತುಂಬಿದ ಕೊಡ. ಮೂರನೇ ಮನೆಯಲ್ಲಿಯೂ ಅದೇ, ಏಳನೆಯದರಲ್ಲಿಯೂ ಅದೇ. ಗಂಗವ್ವನ ಮನೆ ಬಿಟ್ಟರೆ ಯಾವ ಮನೆಯಲ್ಲಿಯೂ ಚಹಾ ಮುಗಿಯುವವರೆಗೆ ಅಡುಗೆಮನೆ ತೋರಿಸುತ್ತಿರಲಿಲ್ಲ. ಎಂಥ ಮರ್ಯಾದಸ್ಥ ಜನ ಎಂದು ನನಗೆ ಎದೆ ತುಂಬಿ ಬಂತು. ಹನ್ನೊಂದು ಚಹಾ ತುಂಬಿ ಹೊಟ್ಟೆಯೂ ಉಬ್ಬಿತ್ತು. ನೀರಿನ ತ್ರಾಸಿನ ಓಣಿಯಲ್ಲಿ ನೀರಿನ ತ್ರಾಸೇ ಇಲ್ಲ! ಬಸ್ಸಿನಲ್ಲಿ ನಿಂತುಕೊಂಡೇ "ಸಮುದಾಯದ ಜಲ ನಿರ್ವಹಣೆಯ ಅಪೂರ್ವ ಮಾದರಿ" ಎಂಬ ತಲೆಬರಹ ಹೊಳೆಯಿತು.

ಧಾರವಾಡದಲ್ಲಿ ನನ್ನ ಗೈಡ್ ಸರ್ ಆ ತಲೆಬರಹ ಓದಿದರು. ನಿಧಾನದ ಮನುಷ್ಯ. ಒಂದು ಸಾಲು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎರಡನೆಯ ಸಾಲಿಗೆ ಹೋಗುವವರು. ಅವರ ಎದುರು ಕೂಡ್ರುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದರು. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಾರಲ್ಲ, ಅದನ್ನು ಅವರು ಓದಲು ಹತ್ತಿದರು. ಗಂಗವ್ವನ ಮನೆಯಲ್ಲಿ ಮಾಬೂಬಿ ಎಂದು ಬರೆದ ಕೊಡ. ಮಾಬೂಬಿಯ ಮನೆಯಲ್ಲಿ ಗಂಗವ್ವ ಎಂದು ಬರೆದದ್ದು. ಹನ್ನೊಂದು ಮನೆಯಲ್ಲೂ ಅವೇ ಐದು ಕೊಡಗಳು. ಐದನೆಯದರ ಮೇಲೆ ಚುಕ್ಕಿಯೂ ಅಲ್ಲ, ಕೆಂಪು ಬಣ್ಣದಲ್ಲಿ ಬೆರಳುದ್ದದ ಅಕ್ಷರ: ಅಂಗನವಾಡಿ.

ಸರ್ ಕನ್ನಡಕ ತೆಗೆದರು. "ಮೇಡಂ, ಆ ಓಣ್ಯಾಗ ಎಲ್ಲಾರ ಮನ್ಯಾಗೂ ಅಂಗನವಾಡಿ ನಡಸ್ತಾರೇನ್ರಿ?"

ನಾನು ಪಡಸಾಲೆಯಲ್ಲಿ ಸೊರ್ ಎಂದು ಚಹಾ ಹೀರುವಾಗ ಹಿತ್ತಲಿನಿಂದ ಹಿತ್ತಲಿಗೆ ಕೊಡಗಳು ಸೊಂಟದ ಮೇಲೆ ಹೋಗುತ್ತಿದ್ದವು ಎಂದು ಆಗ ಹೊಳೆಯಿತು. ಒಂದು ಕೊಡವನ್ನಾದರೂ ಬಗ್ಗಿ ನೋಡಿದ್ದರೆ ಓದಲು ಬರುವ ಅಕ್ಷರಗಳೇ ಅವು. ಬಗ್ಗಿ ನೋಡಲು ನಿಲ್ಲಬೇಕಲ್ಲ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಲಾರೆ, ಹೋಗಿ ಸರಿಯಾಗಿ ಕೇಳಿಕೊಂಡು ಬರ್ರಿ ಎಂದರು ಸರ್. ಉಳಿದದ್ದು ಮೂರು ವಾರ.

ಮರುದಿನವೇ ಸಿಟ್ಟಿನಿಂದ ಹೊರಟೆ. ಬಸ್ಸಿನಲ್ಲಿ ಜಗಳದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಓಣಿಗೆ ಹೋದರೆ ಗಂಗವ್ವ, ಮಾಬೂಬಿ ಇಬ್ಬರೂ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಫೋನಿನಲ್ಲಿ ಫೋಟೋ ತೋರಿಸಿದೆ. ನಾಚುತ್ತಾರೆ ಎಂದುಕೊಂಡಿದ್ದೆ. ಮಾಬೂಬಿ ಬಿದ್ದು ಬಿದ್ದು ನಕ್ಕಳು. "ನಾ ಹೇಳ್ಲಿಲ್ಲೇನ ಗಂಗಕ್ಕಾ, ಆ ಅಂಗನವಾಡಿದು ಬ್ಯಾಡಾ ಅಂತ" ಎಂದಳು. ಗಂಗವ್ವ ನಗಲಿಲ್ಲ. ಬಂದ ಹೆಣ್ಣುಮಗಳಿಗೆ ಖಾಲಿ ಕೊಡ ಎದುರು ಮಾಡಿ ಯಾವ ಬಾಯಿಂದ ಕೂಡ್ರು ಎನ್ನಬೇಕು ಎಂದು ನನ್ನನ್ನೇ ಕೇಳಿದಳು. ಆಮೇಲೆ ದನಿ ಇಳಿಸಿದಳು. ಎರಡು ವರ್ಷದ ಹಿಂದೆ ಯಾರೋ ಬಂದು ಖಾಲಿ ಕೊಡಗಳ ಸಾಲಿನ ಫೋಟೋ ಹೊಡೆದುಕೊಂಡು ಹೋಗಿದ್ದರಂತೆ. ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಗಂಗವ್ವನ ಮಗನಿಗೆ ಹೆಣ್ಣು ಕೊಡುವವರ ಕೈಗೂ ತಲುಪಿತು. ಮಾತುಕತೆ ಮುಗಿದು ವೀಳ್ಯ ಇಡುವುದಷ್ಟೇ ಬಾಕಿ ಇತ್ತು.

"ನೀರ ಹೊತ್ತ ಸಾಯಾಕ ನಮ್ಮ ಹುಡಗೀನ ಕೊಡೂದಿಲ್ಲ ಅಂದ್ರು. ಅವರದೇನ ತಪ್ಪಿಲ್ಲ ಬಿಡ್ರಿ, ನನ್ನ ಮಗಳಾಗಿದ್ರ ನಾನೂ ಹಂಗ ಅಂತಿದ್ದೆ" ಎಂದಳು ಗಂಗವ್ವ. "ನೀವು ಬೇಕಾದ್ದ ಬರೀರಿ ಅಕ್ಕಾರ. ನೀರ ಇಲ್ಲ ಅಂತನ ಬರೀರಿ. ಫೋಟೋ ಮಾತ್ರ ತುಂಬಿದ ಕೊಡದ್ದ ಹಾಕ್ರಿ. ಊರ ಹೆಸರ ಬ್ಯಾಡ."

ಜೋಡಿಸಿಕೊಂಡು ಬಂದಿದ್ದ ಜಗಳವೆಲ್ಲ ಎಲ್ಲಿ ಹೋಯಿತೋ. ಮಾಬೂಬಿ ಒಂದಷ್ಟು ಶೇಂಗಾ ನನ್ನ ಉಡಿಗೂ ಹಾಕಿದಳು. ಸುಲಿಯುತ್ತ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಒಂದು ಬಸ್ಸು ತಪ್ಪಿತು. ಹನ್ನೊಂದು ಮನೆಯಲ್ಲಿ ನಿಜವಾಗಿ ನೀರು ಹೇಗೆ ಬರುತ್ತದೆ, ಯಾರು ಯಾರಿಗೆ ಎಷ್ಟು ಕೊಡುತ್ತಾರೆ, ಯಾರ ಮನೆಗೆ ನೆಂಟರು ಬಂದರೆ ಯಾರ ಕೊಡ ಮೊದಲು ಹೊರಡುತ್ತದೆ, ಎಲ್ಲವನ್ನೂ ಅವರೇ ಹೇಳಿದರು. ಮನೆಗೆ ಬಂದು ಒಂದು ವಾರದಲ್ಲಿ ಇಡೀ ಅಧ್ಯಾಯ ಹೊಸದಾಗಿ ಬರೆದೆ. ಅದರಲ್ಲಿ ಒಂದು ವಾಕ್ಯದ ಮೇಲೆ ನನಗೆ ಬಹಳ ಪ್ರೀತಿ: "ಉತ್ತರಿಸುವವರು ಸಾಮಾಜಿಕ ಮರ್ಯಾದೆಯ ಭಯದಿಂದ ಅಭಾವವನ್ನು ಮರೆಮಾಚುತ್ತಾರೆ." ಉತ್ತರಿಸುವವರು ಎಂದರೆ ಅವರು. ಬರೆಯುವವಳು ನಾನು.

ಗೈಡ್ ಸರ್ ಹಿರೇಕೆರೂರು ಕಡೆ ಒಂದು ಕಾರ್ಯಕ್ರಮಕ್ಕೆ ಹೋದವರು, ಧಾರವಾಡಕ್ಕೆ ಮರಳುವಾಗ ನಿಮ್ಮ ಮನೆಗೇ ಬಂದು ಅಧ್ಯಾಯ ನೋಡಿ ಸಹಿ ಮಾಡುತ್ತೇನೆ ಎಂದು ಬೆಳಿಗ್ಗೆ ಫೋನ್ ಮಾಡಿದರು. ಗಡುವಿಗೆ ನಾಲ್ಕು ದಿನವಿತ್ತು. ಸಂತೋಷದಿಂದ ಎದ್ದವಳು ಸೀದಾ ನಳದ ಹತ್ತಿರ ಹೋದೆ. ನಮ್ಮ ಗಲ್ಲಿಗೆ ನೀರು ಬಂದು ಎಂಟು ದಿನವಾಗಿತ್ತು, ಎಲ್ಲಿಯೋ ಪೈಪು ಒಡೆದಿತ್ತಂತೆ. ಬ್ಯಾರಲ್ಲಿನ ತಳದಲ್ಲಿ ನನ್ನ ಮುಖ ಕಾಣುವಷ್ಟು ನೀರು ಇತ್ತು. ಮುಖ ಚೆನ್ನಾಗಿರಲಿಲ್ಲ.

ಕಂಪೌಂಡಿನಾಚೆ ಶಾಂತಕ್ಕನ ಮನೆ. ಅವರದು ಬೋರು ಇದೆ. "ಶಾಂತಕ್ಕಾ, ನಮ್ಮ ಸರ್ ಬರಾಕತ್ತಾರ" ಎಂದೆ, ಅಷ್ಟೇ. ಶಾಂತಕ್ಕ ಒಂದೂ ಪ್ರಶ್ನೆ ಕೇಳದೆ ಕಂಪೌಂಡಿನ ಮೇಲಿಂದ ಕೊಡ ದಾಟಿಸತೊಡಗಿದಳು. ಅಡುಗೆಮನೆಗೆ ಮೂರು, ಬಚ್ಚಲಿಗೆ ಎರಡು. ನಾನು ಓದಿದ ಹೆಣ್ಣುಮಗಳು, ಅನುಭವದಿಂದ ಕಲಿತವಳು. ಐದೂ ಕೊಡಗಳ ಮೇಲಿನ ಹೆಸರನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. "ಡಾಕ್ಟರ, ನೀರ ತುಂಬಾಕತ್ತೀರೋ, ಪ್ರಬಂಧ ಬರ್ಯಾಕತ್ತೀರೋ?" ಎಂದು ಕೇಳಿದರು. ಅಂಗಡಿಗೆ ಹೋಗ್ರಿ ಎಂದೆ. ಹೋಗಲಿಲ್ಲ.

ಸರ್ ಮಧ್ಯಾಹ್ನ ಬಂದರು. ಹೈವೇ ಧೂಳು ಮೈಗೆಲ್ಲ ಹತ್ತಿತ್ತು. ಮೊದಲು ಒಂದು ಸ್ನಾನ ಮಾಡಬಹುದೇ, ನೀರಿನ ಅನುಕೂಲ ಹೇಗೆ ಎಂದು ಕೇಳಿದರು. ನನ್ನ ಬಾಯಿ ನನಗಿಂತ ಮುಂದೆ ಓಡಿತು. "ಏನ ತೊಂದ್ರಿ ಇಲ್ರಿ ಸರ್, ಬೇಕಾದಷ್ಟೈತಿ." ನಿಧಾನದ ಮನುಷ್ಯ ನಿಧಾನವಾಗಿಯೇ ಸ್ನಾನ ಮಾಡಿದರು. ಒಂದೊಂದು ತಂಬಿಗೆ ಮೈಮೇಲೆ ಬಿದ್ದ ಸದ್ದಿಗೂ ನಾನು ಹೊರಗೆ ಒಂದೊಂದು ಸುತ್ತು ತಿರುಗಿದೆ. ಒಳಗಿನಿಂದ ವಚನ ಗುನುಗುವುದು ಕೇಳಿಸಿತು. ಅಂದರೆ ಇನ್ನೂ ಮುಗಿದಿಲ್ಲ.

ಕೊನೆಗೆ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕೈಯಲ್ಲಿ ತಂಬಿಗೆ. ಕನ್ನಡಕ ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದರು.

"ಮೇಡಂ, ಶಾಂತಾ ಅಂದ್ರ ಯಾರ್ರಿ?"

ಕೊಡದ ಜೊತೆ ಶಾಂತಕ್ಕ ತನ್ನ ತಂಬಿಗೆಯನ್ನೂ ಕಳಿಸಿದ್ದಳು. ಕೊಡ ತಿರುಗಿಸಿದವಳು ತಂಬಿಗೆ ನೋಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಬಹಳ ಗೌರವದಿಂದ ಕಂಪೌಂಡಿನ ಕಡೆ ಕೈ ತೋರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಅಂಥ ಸುಖ ಮತ್ತೊಮ್ಮೆ ಸಿಕ್ಕಿರಲಿಕ್ಕಿಲ್ಲ.

ಸರ್ ನಗಲಿಲ್ಲ, ಬೈಯಲೂ ಇಲ್ಲ. ಊಟ ಮಾಡಿದರು. ಅಧ್ಯಾಯವನ್ನು ಒಂದೊಂದೇ ಸಾಲು ಓದಿದರು. ನನ್ನ ಪ್ರೀತಿಯ ವಾಕ್ಯದ ಹತ್ತಿರ ಸ್ವಲ್ಪ ಹೊತ್ತು ನಿಂತು, ತಂಬಿಗೆಯ ಕಡೆ ನೋಡಿ, ಮುಂದೆ ಹೋದರು. ಚೆನ್ನಾಗಿದೆ ಎಂದರು. ಆದರೆ ಚೀಲದಿಂದ ನನ್ನದೇ ಒಂದು ಖಾಲಿ ನಮೂನೆ ತೆಗೆದು ನನ್ನ ಮುಂದೆ ಇಟ್ಟರು. "ಹನ್ನೆರಡನೇ ಮನಿ ಒಂದ ಸೇರಸ್ರಿ. ನಿಮ್ಮದು. ಇದನ್ನ ಖರೇ ತುಂಬಿ ತರ್ರಿ, ಸೋಮವಾರ ಸಹಿ ಮಾಡ್ತೇನಿ."

ಅವರು ಹೋದ ಮೇಲೆ ಪೆನ್ನು ಹಿಡಿದು ಕೂತೆ. ಹೆಸರು, ವಯಸ್ಸು, ಉದ್ಯೋಗ ಸಲೀಸಾಗಿ ಆದವು. ಏಳನೇ ಪ್ರಶ್ನೆ: ನಿಮ್ಮ ಮನೆಯಲ್ಲಿ ನೀರಿನ ತೊಂದರೆ ಇದೆಯೇ? ಎದ್ದು ಗ್ಯಾಸ್ ನೋಡಿ ಬಂದೆ. ಬಾಗಿಲು ನೋಡಿ ಬಂದೆ. ಶಿಗ್ಗಾಂವದ ಪ್ಯಾಟಿ ಮಂದಿ, ಅಡತಿ ಅಂಗಡಿಯವರ ಮನೆ, ಮನೆಯೊಡತಿ ಕಾಲೇಜಿನ ಅಕ್ಕಾರು. ಇದನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾರೆಲ್ಲ ಓದುತ್ತಾರೋ, ಬೀಗರ ಪೈಕಿ ಯಾರಾದರೂ ಇದ್ದರೆ ಏನು ಗತಿ. ಲಗ್ನಪತ್ರಿಕೆ ನೆನಪಾಯಿತು. ಹಲ್ಲು ಕಚ್ಚಿ "ಇದೆ" ಎಂದು ಬರೆದೆ. ಯಜಮಾನರು ಹಿಂದಿನಿಂದ ಬಗ್ಗಿ ಓದಿ, "ಪಾಸ್" ಎಂದರು.

ಎಂಟನೇ ಪ್ರಶ್ನೆ: ಸದ್ಯ ಮನೆಯಲ್ಲಿರುವ ಕೊಡಗಳ ಫೋಟೋ ಲಗತ್ತಿಸಿ. ನಾನೇ ಹಾಕಿದ ಪ್ರಶ್ನೆ. ಅಡುಗೆಮನೆಗೆ ಹೋದೆ. ಶಾಂತಕ್ಕನ ಕೊಡಗಳನ್ನು ಆಗಲೇ ಮರಳಿಸಿದ್ದೆ. ಕಟ್ಟೆಯ ಮೇಲೆ ನಮ್ಮವು, ಒಣಗಿ, ಬಾಯಿ ಮಾಡಿಕೊಂಡು ಸಾಲಾಗಿ ಕೂತಿದ್ದವು. ಫೋನು ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಆಮೇಲೆ ಹಿತ್ತಲಿಗೆ ಹೋಗಿ ಕಂಪೌಂಡಿನ ಮೇಲಿಂದ ಶಾಂತಕ್ಕನನ್ನು ಕರೆದೆ. ಮತ್ಯಾರು ಬರಾಕತ್ತಾರ, ಎಷ್ಟು ಬೇಕು ಎಂದು ಕೇಳಿದಳು.

ಐದು ಸಾಕು ಎಂದೆ.