ಮುಚ್ಚಳವಿಲ್ಲದ ಆದಿಸಮುದ್ರಕ್ಕೆ ಬಿಸಿಯೂಟದ ಶಂಕ್ರಮ್ಮನ ಅಹವಾಲು

ನಾಲ್ಕುನೂರು ಕೋಟಿ ವರ್ಷಗಳ ಹಿರಿಯರೂ ಸಕಲ ಜೀವರಾಶಿಯ ತವರೂ ಆದ ಮಾನ್ಯ ಆದಿಸಮುದ್ರದವರೇ,

ನ್ಯಾಮತಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಹನ್ನೆರಡು ವರ್ಷಗಳಿಂದ ಬಿಸಿಯೂಟ ಬೇಯಿಸುತ್ತಿರುವ ನಾನು, ಬೆಳಿಗ್ಗೆ ಒಲೆಗೆ ಕುಂಕುಮವಿಟ್ಟು ಶಿವನಿಗೆ ಮುಗಿದ ಕೈಯನ್ನೇ ತಮಗೂ ಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮಿಂದಾಗಿ ನನ್ನ ಕೆಲಸ ಹೋಗುವ ಹಾಗಿದೆ.

ತಮ್ಮ ಮಾದರಿಯನ್ನು ಹೊನ್ನಾಳಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ಯಬೇಕೆಂದು ಮಹಾಂತೇಶ್ ಮೇಷ್ಟ್ರು ಹೋದ ಸೋಮವಾರ ಅಡುಗೆಮನೆಗೆ ಬಂದು, "ಶಂಕ್ರಮ್ಮಾರೆ, ಸಮುದ್ರ ಮಾಡಾಕೆ ಅಗಲವಾದ್ದು ಬೇಕಾಗೈತೆ, ಒಂದೇ ದಿನ ಕೊಡ್ರಿ" ಎಂದು ಸಾಂಬಾರಿನ ಪಾತ್ರೆಯ ಮುಚ್ಚಳವನ್ನೇ ಎತ್ತಿಕೊಂಡು ಬಸ್ಸು ಹತ್ತಿದರು. ಅಂದೇ ಮಧ್ಯಾಹ್ನ ಏಳನೆಯ ತರಗತಿಯ ಮೇಘಶ್ರೀಯ ತಟ್ಟೆಗೆ ನನ್ನ ಸಾಂಬಾರಿನ ಜೊತೆ ಒಂದು ಹುಳುವೂ ಬಂತು. ಹುಳು ಹೇಗೆ ಬಂತೆಂದು ಮೂರು ದಿನದೊಳಗೆ ಬರೆದು ಕೊಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ತಾಲ್ಲೂಕಿನ ಬಿಸಿಯೂಟದ ಸಾಹೇಬರಿಂದ ನೋಟಿಸ್ ಬಂದಿದೆ. ಮುಚ್ಚಳದ ವಿಷಯ ಎತ್ತಿದ್ದಕ್ಕೆ ಸಾಹೇಬರು, "ಆ ಕಥೆ ಬ್ಯಾಡಮ್ಮ, ಹುಳ ಹೆಂಗೆ ಬಂತು ಅಷ್ಟು ಹೇಳು" ಎಂದುಬಿಟ್ಟರು.

ತಮ್ಮ ಭಾಗ್ಯವೇ ಭಾಗ್ಯ. ಸೊಪ್ಪು ತೊಳೆದವರಿಲ್ಲ, ಸೌಟು ಆಡಿಸಿದವರಿಲ್ಲ, ಕೋಟಿಗಟ್ಟಲೆ ವರ್ಷ ಬಾಯಿ ತೆರೆದೇ ಇದ್ದ ತಮ್ಮಲ್ಲಿ ಜೀವ ಕಾಣಿಸಿಕೊಂಡಿತೆಂದು ಪಂಡಿತರು ತಮ್ಮನ್ನು ಆದಿಸಾರು ಎಂದೇ ಕೊಂಡಾಡುತ್ತಾರೆ. ಅದು ಹೇಗೆ ಬಂತೆಂದರೆ, ಮಿಂಚು ಹೊಡೆದು ತಾನಾಗಿ ಕೂಡಿಕೊಂಡಿತು ಎಂದು ಕೆಲವರು, ತಳದ ಬಿಸಿನೀರಿನ ಬುಗ್ಗೆಯಲ್ಲಿ ಎದ್ದಿತು ಎಂದು ಕೆಲವರು, ಆಕಾಶದ ಕಲ್ಲಿನ ಜೊತೆ ಬಿತ್ತು ಎಂದು ಇನ್ನು ಕೆಲವರು ಹೇಳುತ್ತಾರಂತೆ, ಇನ್ನೂ ಇತ್ಯರ್ಥವಾಗಿಲ್ಲವಂತೆ, ಆದರೂ ಅವರಲ್ಲಿ ಒಬ್ಬರಿಗೂ ನೋಟಿಸ್ ಹೋಗಿಲ್ಲ. ನನ್ನ ಪಾಡು ನೋಡಿ: ತಾನಾಗಿ ಹುಟ್ಟಿತೆಂದರೆ ಉಡಾಫೆ, ತಳದಿಂದ ಎದ್ದಿತೆಂದರೆ ಸೊಪ್ಪು ತೊಳೆದಿಲ್ಲ, ಮೇಲಿಂದ ಬಿತ್ತೆಂದರೆ ಮುಚ್ಚಿಲ್ಲ, ಶಿವನ ಇಚ್ಛೆ ಎಂದು ನಿಜ ಬರೆಯೋಣವೆಂದರೆ ಆ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

ಆದ್ದರಿಂದ ತಾವು ಒಂದು ಗಳಿಗೆ ಅಲೆಗಳ ಕೆಲಸ ಬದಿಗಿಟ್ಟು ನ್ಯಾಮತಿಯವರೆಗೆ ದಯಮಾಡಿಸಿ, ತೆರೆದಿಟ್ಟ ಸಾರಿನಲ್ಲಿ ಜೀವ ಬರುವುದುಂಟು ಎಂದು ಸಾಹೇಬರೆದುರು ಸಾಕ್ಷಿ ಹೇಳಬೇಕು. ಅದಾಗದಿದ್ದರೆ, ಉತ್ತರ ಹುಡುಕಲು ಪಂಡಿತರಿಗೆ ಸಿಕ್ಕಷ್ಟೇ ಕಾಲಾವಕಾಶವನ್ನು ನನಗೂ ಕೊಡಿಸಬೇಕು. ಅದೂ ಆಗದಿದ್ದರೆ ಮುಚ್ಚಳವನ್ನಾದರೂ ಬಿಟ್ಟುಕೊಡಬೇಕು.

ತಮ್ಮದೇ ಸಾರಿನಿಂದ ಬಂದ ವಿಶ್ವಾಸಿ,
ಶಂಕ್ರಮ್ಮ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಮುಚ್ಚಳ ಬಂತು. ತಮಗೆ ಮೊದಲ ಬಹುಮಾನವಂತೆ, ಸಂತೋಷ. ಮೇಷ್ಟ್ರು ಮುಚ್ಚಳದ ಮೇಲೆ "ಜೀವ ಹುಟ್ಟಿದ್ದು ಇಲ್ಲಿಯೇ" ಎಂದು ನೀಲಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಬೂದಿ ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ನಾಳೆ ಸಾಹೇಬರು ತಪಾಸಣೆಗೆ ಬರುತ್ತಾರೆ. ಸಾಂಬಾರಿನ ಪಾತ್ರೆಗೆ ಮುಚ್ಚಳ ಹಾಕಿಯೇ ಇಟ್ಟಿರಬೇಕೆಂದು ಅಪ್ಪಣೆಯಾಗಿದೆ.