ನಿಂತ ಹೊಗೆಯನ್ನು ನಿಲ್ಲಿಸಿದ್ದು

ಮ್ಯಾನೇಜರ್ ಸಾಹೇಬರು ಆ ಬೆಳಿಗ್ಗೆ ತಲೆಯೆತ್ತಿ ಚಿಮಣಿಯ ಕಡೆ ನೋಡದೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವರು ತಲೆಯೆತ್ತುವವರೂ ಅಲ್ಲ. ಫೈಲು ನೋಡಿ ನೋಡಿ ಅವರ ಕತ್ತು ಕೊಡೆಯ ಹಿಡಿಯಂತೆ ಬಾಗಿಹೋಗಿತ್ತು. ಅಂದು ಮಾತ್ರ ಶಾಮಿಯಾನ ನೆಟ್ಟಗೆ ಕಟ್ಟಿದ್ದಾರೋ ಇಲ್ಲವೋ ಎಂದು ಮೇಲೆ ನೋಡಿದರು. ಶಾಮಿಯಾನದ ಆಚೆ ಚಿಮಣಿ ಕಂಡಿತು. ಚಿಮಣಿಯ ಬಾಯಲ್ಲಿ ಒಂದು ಕಾಗೆ ಕೂತಿತ್ತು.

"ಹೊಗೆ ಎಲ್ಲಿ?" ಎಂದರು.

ಪಕ್ಕದಲ್ಲಿದ್ದ ಮಸಿಯಣ್ಣನೂ ತಲೆಯೆತ್ತಿ ನೋಡಿದ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಈ ಕರೆಂಟಿನ ಕಾರ್ಖಾನೆಯ ಬಾಯ್ಲರಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಎರಚುತ್ತಲೇ ಅವನ ತಲೆ ನರೆತಿತ್ತು, ನರೆತದ್ದೂ ಮಸಿಯ ಕೆಳಗೆ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮಸಿಯಣ್ಣನೇ.

"ಬೆಂಕಿ ಆರಿ ತಿಂಗಳಾಯ್ತಲ್ಲ ಸಾರ್. ನೀವೇ ಆರಿಸು ಅಂದ್ರಿ, ಆರಿಸಿದೆ."

"ಅಯ್ಯೋ ದೇವರೇ! ಇವತ್ತು ಮಂತ್ರಿಗಳು ಬರೋದು ಯಾಕೆ ಹೇಳು? ದೇಶದಲ್ಲಿ ಉಳಿದಿರೋ ಕೊನೇ ಕಲ್ಲಿದ್ದಲಿನ ಕಾರ್ಖಾನೆ ಇದು. ಅವರು ಗುಂಡಿ ಒತ್ತಬೇಕು, ಈ ಕಡೆ ಹೊಗೆ ನಿಲ್ಲಬೇಕು, ಆ ಕಡೆ ಬಿಸಿಲಿನ ದೀಪ ಹತ್ತಬೇಕು. ಹೊಗೆಯೇ ಇಲ್ಲ ಅಂದ್ರೆ ಅವರು ನಿಲ್ಲಿಸೋದು ಏನನ್ನ? ನನ್ನ ಸಂಬಳಾನಾ?"

ಮಸಿಯಣ್ಣನಿಗೆ ತಲೆ ಗಿರ್ರೆಂದಿತು. "ಹಾಗಾದ್ರೆ ಈಗ ಹಚ್ಚಬೇಕಾ ಸಾರ್, ಆರಿಸಬೇಕಾ?"

"ಹಚ್ಚು. ಆರಿಸೋದಕ್ಕೆ ಹಚ್ಚು."

ದೇಶವೆಲ್ಲ ಕಲ್ಲಿದ್ದಲನ್ನೂ ಗ್ಯಾಸನ್ನೂ ಬಿಟ್ಟು ಬಿಸಿಲು ಗಾಳಿಯನ್ನು ನೆಚ್ಚಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಕಾರ್ಖಾನೆಯ ಗೋಡೆಯಾಚೆ ನೀಲಿ ಫಲಕಗಳ ಸಾಲು ಸಾಲು ಎದ್ದಿತ್ತು. ಅದನ್ನು ಎಲ್ಲರೂ ಬಿಸಿಲಿನ ಹೊಲ ಎನ್ನುತ್ತಿದ್ದರು. ಆ ಹೊಲಕ್ಕೆ ಒಬ್ಬ ಕಾವಲಿನವನು ಬೇಕಾಗಿದ್ದ. ಫಲಕ ಒರೆಸುವುದು, ಹಕ್ಕಿ ಓಡಿಸುವುದು, ಉಳಿದ ಹೊತ್ತು ತೆರೆದ ಆಕಾಶದ ಕೆಳಗೆ ಕೂರುವುದು. ತಲೆಗೊಂದು ನೀಲಿ ಟೋಪಿ, ಇರಲು ಹೊಲದಂಚಿನಲ್ಲಿ ಸುಣ್ಣ ಬಳಿದ ಮನೆ. ಆ ಕೆಲಸ ಸಿಕ್ಕರೆ ಕೆಮ್ಮು ನಿಂತೀತು ಎಂಬುದು ಮಸಿಯಣ್ಣನ ಆಸೆ. ಒಂದು ಸಲವಾದರೂ ಬಿಳಿ ಬಟ್ಟೆ ಒಗೆದುಹಾಕಿ ಬಿಳಿಯದನ್ನೇ ಮಡಚಿ ತರಬೇಕೆಂಬುದು ಅವನ ಹೆಂಡತಿಯ ಆಸೆ.

ನೀಲಿ ಟೋಪಿ ಸಾಹೇಬರ ಮೇಜಿನ ಮೇಲೇ ಇತ್ತು. "ಹೊಗೆ ಬಂತೋ, ಟೋಪಿ ನಿಂದು. ಬರಲಿಲ್ವೋ, ಸಾಯಂಕಾಲದೊಳಗೆ ಕ್ವಾರ್ಟರ್ಸ್ ಖಾಲಿ ಮಾಡು" ಎಂದು ಹೇಳಿ ಸಾಹೇಬರು ಮತ್ತೆ ಶಾಮಿಯಾನದತ್ತ ಓಡಿದರು. ಸಹಾಯಕ್ಕೆಂದು ತಮ್ಮ ಭಾವಮೈದನನ್ನು ಬಿಟ್ಟುಹೋದರು. ಈ ಭಾವಮೈದನಿಗೆ ಕಾರ್ಖಾನೆಯಲ್ಲಿ ಏನು ಕೆಲಸವೆಂದು ಯಾರಿಗೂ ತಿಳಿದಿರಲಿಲ್ಲ. ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ, ಅದು ಮುದುಡದಂತೆ ಮನೆಗೆ ಹೋಗುತ್ತಿದ್ದ.

ಬಾಯ್ಲರಿನಲ್ಲಿ ನೀರಿರಲಿಲ್ಲ, ಅದರ ತಂಟೆಗೆ ಹೋಗುವಂತಿರಲಿಲ್ಲ. ಚಿಮಣಿಯ ಬುಡದಲ್ಲಿ ಮಸಿ ತೆಗೆಯುವ ಕಬ್ಬಿಣದ ಬಾಗಿಲೊಂದಿತ್ತು, ಆಳು ತೂರುವಷ್ಟು ಅಗಲ. ಅದರೊಳಗೇ ಬೆಂಕಿ ಹಾಕಿದರಾಯಿತು ಎಂದುಕೊಂಡ ಮಸಿಯಣ್ಣ. ಆದರೆ ಕಲ್ಲಿದ್ದಲಿನ ಅಂಗಳ ಗುಡಿಸಿ, ಮಂತ್ರಿಗಳ ಕಣ್ಣಿಗೆ ತಂಪಾಗಲೆಂದು ಹೂವಿನ ಕುಂಡ ಜೋಡಿಸಿದ್ದರು. ಒಂದು ತುಂಡು ಇದ್ದಲೂ ಇರಲಿಲ್ಲ. ಸ್ಟೋರಿನವನನ್ನು ಕಾಡಿ ಬೇಡಿ ಮುರಿದ ಕುರ್ಚಿಗಳನ್ನು ತಂದು ಒಳಗೆ ತುಂಬಿದ.

ಈಗ ಬೆಂಕಿಪೊಟ್ಟಣ ಬೇಕು. ಇಡೀ ಆಫೀಸು ತಿರುಗಿದರೂ ಸಿಗಲಿಲ್ಲ. ಎಲ್ಲ ಒಲೆಯೂ ಕರೆಂಟಿಗೆ ಬದಲಾದ ಮೇಲೆ ಅದನ್ನು ಇಟ್ಟುಕೊಂಡವರೇ ಇರಲಿಲ್ಲ. ಕೊನೆಗೆ ಕ್ಯಾಂಟೀನಿನವನು ಆಚೆ ಈಚೆ ನೋಡಿ ಒಳಜೇಬಿನಿಂದ ಒಂದು ತೆಗೆದ.

"ಯಾರಿಗೂ ಹೇಳ್ಬೇಡಿ ಮಸಿಯಣ್ಣ. ಗ್ಯಾಸ್ ಹೋಗಿ ವರ್ಷವಾದ್ರೂ ಕೈ ಕೇಳಲ್ಲ. ಕರೆಂಟಿನ ಒಲೆ ಮುಂದೆ ಒಂದು ಕಡ್ಡಿ ಗೀರದೆ ಇದ್ರೆ ನಂಗೆ ಟೀ ಕುದೀತಾ ಇದೆ ಅನ್ನೋ ನಂಬಿಕೇನೇ ಬರಲ್ಲ."

ಬೆಂಕಿಯೇನೋ ಹತ್ತಿತು. ಒಣಗಿ ಕೊರಡಾದ ಕುರ್ಚಿಗಳು ಧಗಧಗ ಉರಿದವು. ಮೇಲೆ ಮಾತ್ರ ಹೊಗೆಯ ಸುಳಿವಿಲ್ಲ. ಕಾಗೆ ಬೆಚ್ಚಗಾಯಿತೆಂದು ಇನ್ನಷ್ಟು ಮುದುರಿ ಕೂತಿತು.

ಸಾಹೇಬರು ಫೋನು ಮಾಡಿದರು. "ಎಲ್ಲಿ? ಏನೂ ಕಾಣ್ತಾ ಇಲ್ಲ!"

"ಒಣಮರ ಸಾರ್. ಹೊಗೆ ಕೊಡ್ತಾ ಇಲ್ಲ."

"ಇಷ್ಟು ವರ್ಷ ಹೊಗೆ ಜಾಸ್ತಿ ಹೊಗೆ ಜಾಸ್ತಿ ಅಂತ ನಿನ್ನ ಬೈದು ಬೈದು ನನ್ನ ಗಂಟಲು ಒಣಗಿತ್ತು. ಬೇಕು ಅಂದ ದಿನ ಹೀಗೆ ಕೈ ಕೊಡ್ತೀಯಲ್ಲೋ!"

"ಒದ್ದೆ ಮಾಡಿ ಹಾಕು" ಎಂದ ಭಾವಮೈದ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಅವನು ಅಲ್ಲಿ ಮಾಡಿದ ಸಹಾಯ ಅದೊಂದೇ, ಆದರೆ ಅದು ಫಲಿಸಿತು. ಮಸಿಯಣ್ಣ ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಅದ್ದಿ ಎಸೆದ. ಚಿಮಣಿ ಒಮ್ಮೆ ಗೊರ್ ಎಂದು, ತಿಂಗಳಿಂದ ತಡೆದಿಟ್ಟ ಕೆಮ್ಮು ಕೆಮ್ಮಿದಂತೆ ಒಂದು ಉಂಡೆ ಕರಿ ಹೊಗೆ ಕಕ್ಕಿತು. ಕಾಗೆ ಹಾರಿಹೋಯಿತು.

ಕಾಗೆಯ ಜೊತೆಗೇ ಕ್ವಾರ್ಟರ್ಸಿಗೂ ಸುದ್ದಿ ಹೋಯಿತು. ಹೆಂಗಸರು ಕೂಗಾಡುತ್ತ ಹಗ್ಗದ ಮೇಲಿನ ಬಟ್ಟೆ ಬಾಚಿಕೊಂಡರು. ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬೇಲಿಯ ಹತ್ತಿರ ಬಂದಳು.

"ಏನೋ ಮಗಾ, ಮತ್ತೆ ಶುರು ಮಾಡಿದ್ರಾ?"

"ಇಲ್ಲ ಅಜ್ಜಿ. ನಿಲ್ಲಿಸ್ತಾ ಇದೀವಿ."

"ನಿಲ್ಲಿಸಿ ತಿಂಗಳಾಗಿತ್ತಲ್ಲೋ?"

"ಹೌದು ಅಜ್ಜಿ. ಅದನ್ನೇ ಈಗ ನಿಲ್ಲಿಸೋದು."

ಅಜ್ಜಿ ಅವನ ಮುಖವನ್ನೇ ನೋಡಿ, "ಹೊಗೆ ತಲೆಗೇರಿದೆ ಪಾಪ" ಎಂದು ಹೊರಟುಹೋದಳು.

ಅಷ್ಟರಲ್ಲಿ ಗೇಟಿನ ಹತ್ತಿರ ಗದ್ದಲ. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ ಹಳೆಯ ಆಳುಗಳೆಲ್ಲ ಹೊಗೆ ನೋಡಿದವರೇ ಊಟದ ಡಬ್ಬಿ ಹಿಡಿದು ಓಡಿಬಂದಿದ್ದರು. "ಕಾರ್ಖಾನೆ ಶುರುವಾಯ್ತು ಅಂತ ಒಂದು ಮಾತು ಹೇಳಬಾರದಾ? ನಿನ್ನೊಬ್ಬನನ್ನೇ ಕರೆದ್ರಾ?" ಎಂದು ಅವನನ್ನು ಮುತ್ತಿದರು. ಶುರುವಾಗಿಲ್ಲ ಎಂದರೆ ಮೇಲೆ ಕೈ ತೋರಿಸಿದರು. "ಅದೇನು ಮತ್ತೆ, ಮೋಡಾನಾ?" ಆರಿಸುವುದಕ್ಕೆ ಹಚ್ಚಿದ್ದು ಎಂದು ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಅರ್ಥವಾಗದೆ ನಡುವೆ ಬಾಯಿ ನಿಂತುಹೋಯಿತು.

ಇವರನ್ನೆಲ್ಲ ಸರಿಸಿಕೊಂಡು ಹೆಂಡತಿ ಬಂದಳು. ಸಾಹೇಬರ ಮಾತಿನಲ್ಲಿ ಹೊಗೆಯ ಕರಾರೊಂದು ಬಿಟ್ಟು ಉಳಿದದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಸಂಜೆಯೊಳಗೆ ಈ ಮನೆ ಬಿಡಬೇಕೋ ಆ ಮನೆಗೆ ಹೋಗಬೇಕೋ, ಹೇಗೂ ಸಾಮಾನು ಕಟ್ಟಲೇಬೇಕೆಂದು ಬೆಳಿಗ್ಗೆಯೇ ಕಟ್ಟಿದ್ದಳು. ಹೊಗೆ ಎದ್ದದ್ದು ಕಂಡು, ಹಳೆಯ ಕೆಲಸವೇ ಗತಿಯಾಯಿತೆಂದು ಎಲ್ಲ ಬಿಚ್ಚಿದ್ದಳು.

"ರೀ, ಕಟ್ಟಲೋ ಬಿಚ್ಚಲೋ? ಒಂದು ಹೇಳಿ."

"ಕಟ್ಟೇ. ಟೋಪಿ ಸಿಕ್ಕ ಹಾಗೇ. ಬಿಳಿ ಗೋಡೆ ಮನೆ ನಮ್ದೇ."

ಅವಳ ಮುಖ ಅರಳಿತು. ಓಡಿಹೋಗಿ ಕೈಗಾಡಿಯೊಂದನ್ನು ಕೇಳಿ ತಂದು ಎಲ್ಲವನ್ನೂ ಹೇರಿದಳು. ಪಾತ್ರೆ ಪಗಡೆ, ಚಾಪೆ, ದಿಂಬು, ಎಲ್ಲಕ್ಕಿಂತ ಮೇಲೆ ಮದುವೆಯಲ್ಲಿ ಅವಳಪ್ಪ ಕೊಟ್ಟ ಹತ್ತಿಯ ಹಾಸಿಗೆ. ಗಾಡಿಯನ್ನು ಚಿಮಣಿಯ ಹತ್ತಿರವೇ ತಂದು ನಿಲ್ಲಿಸಿದಳು, ಟೋಪಿ ಸಿಕ್ಕ ಕೂಡಲೇ ಇಲ್ಲಿಂದಲೇ ಹೊರಟುಬಿಡೋಣ ಎಂದು. ಆಮೇಲೆ ಹೊಸ ಮನೆಯ ಬಾಗಿಲು ಎತ್ತ ಕಡೆಗಿದೆಯೋ ನೋಡಿಕೊಂಡು ಬರಲು ಹೋದಳು.

ಮಂತ್ರಿಗಳ ಕಾರು ತಿರುವಿನಲ್ಲಿ ಕಂಡಿತು. ಸರಿಯಾಗಿ ಆಗಲೇ ಗೋಣಿಚೀಲ ಮುಗಿದು ಹೊಗೆ ಅಳುಬುರುಕ ಮಗುವಿನ ಸಿಂಬಳದಂತೆ ತೆಳ್ಳಗಾಯಿತು.

ಫೋನಿನಲ್ಲಿ ಸಾಹೇಬರ ದನಿ ಕೀರಲಾಯಿತು. "ಹೊಗೆ! ಹೊಗೆ! ಹೋಗ್ತಾ ಇದೆ ಹೊಗೆ!"

"ಏನಾದ್ರೂ ತನ್ರೋ!" ಎಂದು ಮಸಿಯಣ್ಣ ಅರಚಿ, ಬಾಗಿಲೊಳಗೆ ತಲೆಯಿಟ್ಟು ಊದತೊಡಗಿದ. ಕಣ್ಣಲ್ಲಿ ನೀರು, ಬಾಯಲ್ಲಿ ಬೂದಿ. ಸುಮ್ಮನೆ ಕೂರಲಾರದ ಹಳೆಯ ಆಳುಗಳು ಕೈಗೆ ಸಿಕ್ಕಿದ್ದನ್ನು ತಂದು ಅವನ ಭುಜದ ಮೇಲಿಂದ ಒಳಗೆ ದಬ್ಬಿದರು. ಕಸಪೊರಕೆ, ಹೂವಿನ ಗಿಡ, ಆಮೇಲೆ ದಪ್ಪನೆಯದೊಂದು ಸುರುಳಿ. "ಇದಕ್ಕೂ ನೀರು ಹಾಕಿದೀವಿ ಮಸಿಯಣ್ಣ, ಚೆನ್ನಾಗಿ ಹಿಡಿಯುತ್ತೆ ನೋಡು!" ಎಂದರು.

ಹಿಡಿಯಿತು. ಆ ಚಿಮಣಿ ತನ್ನ ಹರೆಯದಲ್ಲೂ ಅಂಥ ಹೊಗೆ ಬಿಟ್ಟಿರಲಿಲ್ಲ. ಕರಿ ಎಮ್ಮೆಗಳ ಹಿಂಡು ಒಂದರ ಬೆನ್ನ ಮೇಲೊಂದು ಹತ್ತಿ ಆಕಾಶಕ್ಕೆ ನುಗ್ಗಿದ ಹಾಗೆ ನುಗ್ಗಿತು. ಭೇಷ್ ಎಂದುಕೊಂಡು ಮಸಿಯಣ್ಣ ತಲೆ ಹೊರಗೆಳೆದು ಕಣ್ಣೊರೆಸಿಕೊಂಡ. ಆಗ ಗಾಡಿ ಕಂಡಿತು. ಗಾಡಿಯ ಮೇಲೆ ಹಾಸಿಗೆ ಇರಲಿಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಮಂತ್ರಿಗಳು ಗುಂಡಿ ಒತ್ತಿದ್ದರು. ಈಗ ಆರಿಸಬೇಕು! ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದ. ಹತ್ತಿಯ ಹಾಸಿಗೆಗೆ ಬೆಂಕಿ ಹಿಡಿದರೆ ಅತ್ತೆಯ ಮನಸ್ಸಿಗೆ ಹಿಡಿದ ಹಾಗೆ, ನೀರು ಹಾಕಿದಷ್ಟೂ ಒಳಗೊಳಗೇ ಹೊಗೆಯುತ್ತದೆ. ಹೊಗೆ ಎರಡರಷ್ಟಾಯಿತು. ಗಾಳಿಯೂ ತಿರುಗಿತು. ಎಮ್ಮೆಗಳ ಹಿಂಡು ಗೋಡೆ ದಾಟಿ ಬಿಸಿಲಿನ ಹೊಲದ ಮೇಲೆ ಮಲಗಿತು. ಸೂರ್ಯ ಕಾಣದಾದ. ನೀಲಿ ಫಲಕಗಳ ಮೇಲೆ ಹಿಟ್ಟು ಜರಡಿ ಹಿಡಿದಂತೆ ಮಸಿ ಇಳಿಯಿತು. ಹತ್ತಬೇಕಾದ ದೀಪ ಒಮ್ಮೆ ಕಣ್ಣು ಪಿಳುಕಿಸಿ ಸುಮ್ಮನಾಯಿತು. ಅದೇ ಹೊಲದ ಕರೆಂಟಿನಲ್ಲಿದ್ದ ಮೈಕು, "ಇಂದಿನಿಂದ ನಮ್ಮ ದೇಶ" ಎನ್ನುವಲ್ಲಿಗೆ ಸತ್ತಿತು.

ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಜನ ಕೈಗಳನ್ನು ಅರ್ಧ ಎತ್ತಿಕೊಂಡು ಕೂತರು. ಮಂತ್ರಿಗಳು ವೇದಿಕೆಯಿಂದಿಳಿದು ಹೊಗೆ ಬರುವ ಕಡೆಗೇ ನಡೆದುಬಂದರು. ವಯಸ್ಸಾದವರು, ನಿಧಾನದ ಮನುಷ್ಯ. ಹಿಂದೆ ಸಾಹೇಬರು, ಕೈಯಲ್ಲಿ ನೀಲಿ ಟೋಪಿ.

"ಏನ್ರೀ ಇದು? ಇಲ್ಲಿ ಬೆಂಕಿ ಆರಿ ತಿಂಗಳಾಯ್ತು ಅಂತ ನನಗೆ ಗೊತ್ತಲ್ಲ. ನಾನು ಬಂದಿದ್ದು ದೀಪ ಹಚ್ಚೋಕೆ, ಆಮೇಲೆ ಆ ಕೊನೇ ಬೆಂಕಿ ಆರಿಸಿದವನ ತಲೆ ಮೇಲೆ ನನ್ನ ಕೈಯಾರೆ ಟೋಪಿ ಇಡೋಕೆ. ಇದನ್ನ ಮತ್ತೆ ಹಚ್ಚಿ ಅಂದವರು ಯಾರು?"

ಮಸಿಯಣ್ಣ ಸಾಹೇಬರನ್ನು ನೋಡಿದ. ಸಾಹೇಬರ ಕತ್ತು ಇನ್ನೂ ಒಂದು ಗೇಣು ಬಾಗಿತು. ಭಾವಮೈದ ಕರವಸ್ತ್ರ ಮಡಚಿ ಅವರ ಕಿವಿಯಲ್ಲಿ ಹಾಸಿಗೆಯ ಸಂಗತಿ ಊದಿದ.

"ಏನು ಹೇಳೋದು ಸಾರ್" ಎಂದರು ಸಾಹೇಬರು, ಗದ್ಗದ ತಂದುಕೊಂಡು. "ಇವನೇ ಹಚ್ಚಿದ್ದು. ಬಾಯ್ಲರು ಅಂದ್ರೆ ಇವನಿಗೆ ಹೆತ್ತ ಮಗು ಇದ್ದ ಹಾಗೆ. ಆರಿಸಿದ ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕೊನೇ ಸಲ ಹೊಗೆ ನೋಡ್ಬೇಕು ಅಂತ ಮನೆ ಹಾಸಿಗೇನೇ ತಂದು ಸುಟ್ಟುಬಿಟ್ಟ."

ಮಂತ್ರಿಗಳು ಮಸಿಯಣ್ಣನ ಕಡೆ ತಿರುಗಿದರು. ಹೊಗೆಗೆ ಅವನ ಕಣ್ಣಿಂದ ಎರಡು ಬಿಳಿಯ ಗೆರೆ ಇಳಿದಿತ್ತು. ಇಲ್ಲ ಎನ್ನಲು ಬಾಯಿ ತೆರೆದರೆ ಕೆಮ್ಮು ಬಿಡಲಿಲ್ಲ. ಕೆಮ್ಮಿ ಕೆಮ್ಮಿ ಅವನು ನೆಲಕ್ಕೆ ಕುಸಿದ. ಅದನ್ನು ಕಂಡು ಮಂತ್ರಿಗಳ ಕಣ್ಣೂ ತೇವವಾಯಿತು. ಅದು ಹೊಗೆಗೋ ದುಃಖಕ್ಕೋ ಅವರಿಗೇ ತಿಳಿಯಲಿಲ್ಲ.

"ಇಂಥ ಪ್ರೀತೀನ ನಾನು ಕಂಡಿಲ್ಲ. ಇವನನ್ನ ತಂದು ಹೊಲ ಕಾಯೋಕೆ ಹಾಕ್ತೀರೇನ್ರೀ? ಅಗಲಿಸಿದ ಪಾಪ ಸುತ್ತಿಕೊಳ್ಳುತ್ತೆ. ಬೇಡ. ಈ ಚಿಮಣಿ ಹೀಗೇ ಇರಲಿ. ಹೊಗೆ ಅಂದ್ರೇನು ಅಂತ ಮುಂದಿನ ಮಕ್ಕಳಿಗೂ ಗೊತ್ತಾಗಬೇಕಲ್ಲ. ದಿನಕ್ಕೊಂದು ಸಲ ಹೊಗೆ ಬಿಟ್ಟು ತೋರಿಸಲಿ. ಇವನೇ ಬಿಡಲಿ, ಇರೋವರೆಗೂ."

ಜನ ಎತ್ತಿ ಹಿಡಿದಿದ್ದ ಕೈಗಳಿಗೆ ಕೊನೆಗೂ ಕೆಲಸ ಸಿಕ್ಕಿತು. ಚಪ್ಪಾಳೆಯೋ ಚಪ್ಪಾಳೆ. ಟೋಪಿ ಯಾರ ತಲೆಗೆ ಎಂದು ಮಂತ್ರಿಗಳು ಸುತ್ತ ನೋಡಿದರು. ಮಸಿಯಿಲ್ಲದ ಅಂಗಿ ಅಲ್ಲಿ ಒಂದೇ ಒಂದಿತ್ತು. ಭಾವಮೈದನ ತಲೆಗೆ ಟೋಪಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಎಲ್ಲರೂ ಹೋದ ಮೇಲೆ ಹೆಂಡತಿ ಹೊಲದ ಕಡೆಯಿಂದ ಓಡುತ್ತ ಬಂದಳು. "ರೀ, ಬಾಗಿಲು ಬೆಳಕಿನ ಕಡೆಗೇ ಇದೆ. ಬಟ್ಟೆ ಹಾಕೋಕೆ ಹಗ್ಗ ಕಟ್ಟಿ ಬಂದೆ. ಹೊರಡೋಣ್ವಾ?"

ಮಸಿಯಣ್ಣ ಬಾಯೊಳಗಿನ ಬೂದಿ ಉಗಿದ.

"ಯಾಕ್ರೀ? ಮನೆ?"

"ಹಳೇದೇ."

"ಕೆಲಸ?"

"ಹಳೇದೇ."

"ಹಾಗಾದ್ರೆ ಬೆಳಿಗ್ಗೆಯಿಂದ ಇಷ್ಟೆಲ್ಲ ಕುಣಿದು ಬದಲಾಗಿದ್ದೇನು?"

ಅವನು ಗಾಡಿಯ ಕಡೆ ಕೈ ತೋರಿಸಿದ. ಅವಳು ಗಾಡಿ ನೋಡಿದಳು. ಚಿಮಣಿ ನೋಡಿದಳು. ಅವಳಪ್ಪ ಕೊಟ್ಟ ಹಾಸಿಗೆ ಇನ್ನೂ ನಿಧಾನವಾಗಿ ಮೇಲಕ್ಕೆ ಹೋಗುತ್ತಿತ್ತು.

ಆಗ ಆಫೀಸಿನ ಕಿಟಕಿ ತೆರೆಯಿತು. ಸಾಹೇಬರು ತಲೆ ಹೊರಹಾಕಿ ಕೂಗಿದರು: "ಮಸಿಯಣ್ಣಾ, ನಾಳೆ ಬೆಳಿಗ್ಗೇನೇ ಶಾಲೆ ಮಕ್ಕಳು ನೋಡೋಕೆ ಬರ್ತಾರಂತೆ. ಹೊಗೆ ಇವತ್ತಿನ ಹಾಗೇ ದಪ್ಪಗೆ ಇರಲಪ್ಪಾ!"

ಹೆಂಡತಿ ಗಾಡಿಯಲ್ಲಿ ಉಳಿದಿದ್ದ ಎರಡು ದಿಂಬನ್ನೂ ಎತ್ತಿ ಕಂಕುಳಲ್ಲಿ ಅವುಚಿಕೊಂಡು ಮನೆಯ ಕಡೆ ಓಡಿದಳು.